ಅಪ್ಪಣೆ ಬಂದ ಮೇಲೆ ಕಾಗದ ಹಾಕುತ್ತೇವೆ

ಹೊಸಕೆರೆಹಳ್ಳಿಯ ಆ ಮನೆಯನ್ನು ಬೀದಿಯವರು ಅಮ್ಮಂದಿರ ಮನೆ ಎನ್ನುತ್ತಿದ್ದರು. ಕಾನ್ವೆಂಟ್ ಎನ್ನುವಂತಿರಲಿಲ್ಲ, ಮಠ ಎನ್ನುವಂತೆಯೂ ಇರಲಿಲ್ಲ. ಒಳಗಿದ್ದ ಮೂವರು ಹೆಂಗಸರು ತಮ್ಮನ್ನು ಸಿಸ್ಟರ್ ಎಂದು ಕರೆದುಕೊಳ್ಳುವ ಹಾಗೂ ಇರಲಿಲ್ಲ, ಏಕೆಂದರೆ ಧರ್ಮಸಭೆಯಿಂದ ಅವರಿಗಿನ್ನೂ ಮಾನ್ಯತೆ ಬಂದಿರಲಿಲ್ಲ. ಬರುತ್ತದೆಂದು ಹನ್ನೆರಡು ವರ್ಷದಿಂದ ಕಾಯುತ್ತಿದ್ದರು. ಕಾಯುವುದನ್ನೇ ಕಸುಬು ಮಾಡಿಕೊಂಡವರು ಹೇಗಿರುತ್ತಾರೆಂದು ನೋಡಬೇಕಾದರೆ ಆ ಮನೆಗೇ ಹೋಗಬೇಕಿತ್ತು.

ಮಾನ್ಯತೆ ಇಲ್ಲವೆಂದರೆ ಏನೇನು ಇಲ್ಲ ಎಂಬುದನ್ನು ಅಣ್ಣಮ್ಮ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ವ್ರತ ಸ್ವೀಕರಿಸುವಂತಿಲ್ಲ. ಸನ್ಯಾಸಿನಿಯರ ಕಪ್ಪು ನಿಲುವಂಗಿ ತೊಡುವಂತಿಲ್ಲ. ತೊಂಬತ್ತೆರಡರಲ್ಲಿ ಹೊಲಿಸಿದ ಆರು ನಿಲುವಂಗಿಗಳು ನುಸಿಗುಳಿಗೆಯ ವಾಸನೆ ಹೀರುತ್ತ ಟ್ರಂಕಿನಲ್ಲೇ ಇದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಪೂಜೆಯಲ್ಲಿ ಪಾದ್ರಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ಮನೆಯ ಪ್ರಾರ್ಥನಾ ಕೋಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದಕ್ಕೆಂದು ಮಾಡಿಸಿದ ತೇಗದ ಪೆಟ್ಟಿಗೆ ಪೀಠದ ಮೇಲಿತ್ತು, ಅದರ ಪುಟ್ಟ ಬಾಗಿಲು ಸದಾ ತೆರೆದೇ ಇರುತ್ತಿತ್ತು. ಖಾಲಿ ಪೆಟ್ಟಿಗೆಯ ಬಾಗಿಲು ಮುಚ್ಚಿದರೆ ಒಳಗೆ ದೇವರಿದ್ದಾನೆಂದು ಯಾರಾದರೂ ಮೊಣಕಾಲೂರಿಬಿಟ್ಟಾರು, ಅದಕ್ಕೇ ಆ ಪದ್ಧತಿ. ಪ್ರತಿ ಶನಿವಾರ ಅಣ್ಣಮ್ಮ ಅದರ ಒಳಗಿನ ಧೂಳು ಒರೆಸುತ್ತಿದ್ದಳು.

ಇದರಲ್ಲಿ ಹೊಟ್ಟೆ ಉರಿಸುವ ಸಂಗತಿಯೆಂದರೆ, ದಕ್ಷಿಣ ಬೆಂಗಳೂರಿನ ಅರ್ಧ ಚರ್ಚುಗಳಿಗೆ ಪೂಜೆಯ ರೊಟ್ಟಿ ಹೋಗುತ್ತಿದ್ದುದು ಇದೇ ಮನೆಯಿಂದ. ಹಿಟ್ಟು, ನೀರು ಬಿಟ್ಟರೆ ಇನ್ನೇನೂ ಹಾಕದ ತೆಳ್ಳನೆಯ ಬಿಳಿ ರೊಟ್ಟಿ. ಕಿವಿ ಮಂದವಾಗಿದ್ದ ಮಗ್ದಲಮ್ಮ ಕಬ್ಬಿಣದ ಅಚ್ಚಿನಲ್ಲಿ ಅದನ್ನು ಒತ್ತಿ ಬೇಯಿಸುತ್ತಿದ್ದಳು, ಅಣ್ಣಮ್ಮ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತಿದ್ದಳು. ಮಿಕ್ಕ ಚೂರುಗಳು ಬೀದಿಯ ಮಕ್ಕಳಿಗೆ. ಮನೆಯ ಮಾಲೀಕ ಗುರುಶಾಂತಪ್ಪ ಪಕ್ಕದಲ್ಲೇ ಇದ್ದ ಶಿವಭಕ್ತ, ಚಿಕ್ಕಪೇಟೆಯಲ್ಲಿ ಬಟ್ಟೆ ವ್ಯಾಪಾರ. ಒಮ್ಮೊಮ್ಮೆ ಬಂದು ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸುತ್ತಿದ್ದರು.

"ಉಪ್ಪಿಲ್ಲ, ಖಾರ ಇಲ್ಲ. ನಿಮ್ ದೇವ್ರು ಹೆಂಗ್ ತಿಂತಾನೋ ಅಮ್ಮಾವ್ರೆ" ಎನ್ನುತ್ತಿದ್ದರು. "ಅಲ್ಲ, ಊರಿಗೆಲ್ಲ ಪ್ರಸಾದ ಮಾಡಿ ಕಳಿಸ್ತೀರ. ನಿಮ್ ಮನೇಲಿ ಇಟ್ಕೊಳಕ್ಕೆ ಯಾರಪ್ಪಣೆ ಬೇಕು?"

"ಮೇಲಿನವ್ರ ಅಪ್ಪಣೆ ಸಾರ್."

"ಮೇಲಿನವ್ರು ಅಂದ್ರೆ? ದೇವ್ರಾ?"

"ಬಿಷಪ್ಪರ ಕಚೇರಿಯವ್ರು."

ಗುರುಶಾಂತಪ್ಪನವರಿಗೆ ನಗು ಬರುತ್ತಿತ್ತು. ಅಣ್ಣಮ್ಮನಿಗೆ ಬರುತ್ತಿರಲಿಲ್ಲ.

ಅಣ್ಣಮ್ಮ ಹಾರೋಬೆಲೆಯ ಹೆಣ್ಣು. ಇಪ್ಪತ್ತೈದರಲ್ಲಿ ಮನೆ ಬಿಟ್ಟು, ಒಬ್ಬ ವಯಸ್ಸಾದ ಫ್ರೆಂಚ್ ಪಾದ್ರಿಯ ಬಳಿ ಹಳೆಯ ಕ್ರಮದ ಪ್ರಾರ್ಥನೆಗಳನ್ನು ಕಲಿತ ಆರು ಮಂದಿಯಲ್ಲಿ ಅವಳೂ ಒಬ್ಬಳು. ದಿನಕ್ಕೆ ಏಳು ಹೊತ್ತು ಲ್ಯಾಟಿನ್ ಕೀರ್ತನೆ. ಅರ್ಥ ಅರೆಬರೆ ಗೊತ್ತಿದ್ದರೂ ಒಂದಕ್ಷರ ತಪ್ಪುತ್ತಿರಲಿಲ್ಲ. ಪಾದ್ರಿ ತೀರಿಕೊಂಡ ಮೇಲೆ ಆರರಲ್ಲಿ ಹಿರಿಯಳಾದ ಲೂರ್ದಮ್ಮ ಮುಂದೆ ನಿಂತು ಈ ಮನೆ ಹಿಡಿದು, ಮಾನ್ಯತೆಗೆ ಅರ್ಜಿ ಬರೆದಳು. ಆಗ ಅಣ್ಣಮ್ಮನ ತಾಯಿ ಊರಿನಿಂದ ಬಂದು ಬಾಗಿಲಲ್ಲೇ ನಿಂತು, "ಅತ್ಲಾಗೆ ಗಂಡನ ಮನೇನೂ ಇಲ್ಲ, ಇತ್ಲಾಗೆ ಮಠಾನೂ ಇಲ್ಲ. ಸತ್ರೆ ನಿನ್ನ ಏನಂತ ಬರ್ದು ಹೂಳ್ತಾರೆ?" ಎಂದು ಕೇಳಿ ಹೋಗಿದ್ದಳು. ಅದಕ್ಕೊಂದು ಉತ್ತರ ಕೊಡುವ ದಿನ ಬರಲಿ ಎಂಬುದೊಂದೇ ಅಣ್ಣಮ್ಮನ ಆಸೆ. ತಾಯಿ ತೀರಿಕೊಂಡು ಏಳು ವರ್ಷವಾಗಿತ್ತು, ಆಸೆ ಮಾತ್ರ ಹಾಗೇ ಇತ್ತು.

ಆರು ಮಂದಿಯಲ್ಲಿ ಇಬ್ಬರು ತೀರಿಕೊಂಡರು, ಒಬ್ಬಳು ಬೇಸತ್ತು ಊರಿಗೆ ಹೋದಳು. ಉಳಿದ ಮೂವರಲ್ಲಿ ಲೂರ್ದಮ್ಮನಿಗೆ ಎಪ್ಪತ್ತೆಂಟು, ಕಾಲು ಬಿದ್ದುಹೋಗಿ ಹಾಸಿಗೆ ಹಿಡಿದಿದ್ದಳು. ಬೆಳಿಗ್ಗೆ ಹನ್ನೊಂದಕ್ಕೆ ಅಂಚೆಯ ಬೈಲಪ್ಪನ ಸೈಕಲ್ ಬೆಲ್ ಕೇಳಿದರೆ ದಿಂಬಿನಿಂದ ತಲೆ ಎತ್ತುತ್ತಿದ್ದಳು.

"ಅಣ್ಣಮ್ಮಾ, ಕಾಗದ ಏನಾದ್ರೂ ಬಂತಾ?"

"ಇಲ್ಲ ಅಮ್ಮ."

"ಬರತ್ತೆ ಬಿಡು."

ಹನ್ನೆರಡು ವರ್ಷದಲ್ಲಿ ಈ ಮೂರು ಮಾತು ತಪ್ಪಿದ ದಿನವಿಲ್ಲ. ಬೈಲಪ್ಪ ತರುತ್ತಿದ್ದುದು ಕರೆಂಟ್ ಬಿಲ್ಲು, ಚರ್ಚುಗಳಿಂದ ರೊಟ್ಟಿಯ ಆರ್ಡರು, ಅಷ್ಟೇ.

ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಇನ್ನೇನು ಶುರುವಾಗಬೇಕು ಎನ್ನುವಾಗ, ಕಚೇರಿಯಿಂದ ಒಬ್ಬರು ತಾವೇ ಬಂದುಬಿಟ್ಟರು. ಫಾದರ್ ಸಿಪ್ರಿಯನ್, ಮಂಗಳೂರಿನ ಕಡೆಯವರು, ಚಿಕ್ಕ ವಯಸ್ಸು. ಹಳೆಯ ಫೈಲುಗಳ ಧೂಳು ಕೊಡವುವ ಕೆಲಸ ಅವರ ಪಾಲಿಗೆ ಬಂದಿತ್ತಂತೆ. ಲೂರ್ದಮ್ಮನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಕಾಫಿ ಕುಡಿದರು, ಅಡುಗೆಮನೆಯ ಅಚ್ಚನ್ನು ನೋಡಿ ಹೊಗಳಿದರು, ತೆರೆದ ಪೆಟ್ಟಿಗೆಯ ಒಳಗೆ ಬಗ್ಗಿ ನೋಡಿದರು. ಆಮೇಲೆ ಕೇಳಿದರು.

"ಹನ್ನೆರಡು ವರ್ಷದಲ್ಲಿ ಒಬ್ಬಳಾದ್ರೂ ಹುಡುಗಿ ಸೇರ್ಲಿಲ್ವಲ್ಲ, ಯಾಕೆ? ಹೊಸಬರು ಬಾರದ ಸಂಘಕ್ಕೆ ಮಾನ್ಯತೆ ಕೊಡೋದು ಕಷ್ಟ ಅಮ್ಮ."

ಅಣ್ಣಮ್ಮನ ಮುಖ ಅರಳಿತು. ಈ ಪ್ರಶ್ನೆಗೆ ಅವಳಲ್ಲಿ ಉತ್ತರವಿತ್ತು, ಅದೂ ಬರೆದಿಟ್ಟ ಉತ್ತರ. ಓಡಿಹೋಗಿ ಒಂದು ನೂರು ಪುಟದ ನೋಟ್‌ಬುಕ್ ತಂದು ಅವರ ಕೈಗಿಟ್ಟಳು. ಅದರಲ್ಲಿ ಹತ್ತೊಂಬತ್ತು ಹುಡುಗಿಯರ ಹೆಸರು, ವಿಳಾಸ, ಬಂದ ತಾರೀಖು.

"ಬಂದಿದ್ರು ಫಾದರ್. ಹತ್ತೊಂಬತ್ತು ಜನ. ಬಾಗ್ಲಲ್ಲೇ ನಿಲ್ಸಿ ವಾಪಸ್ ಕಳಿಸ್ದೆ. ಒಬ್ಬಳನ್ನೂ ಒಳಗೆ ಬಿಡ್ಲಿಲ್ಲ."

ಹೆಮ್ಮೆಯಿಂದಲೇ ಹೇಳಿದಳು ಪಾಪ. ಪಾದ್ರಿಗೆ ಅರ್ಥವಾಗಲಿಲ್ಲ.

"ಯಾಕೆ ಕಳಿಸಿದ್ರಿ?"

"ಕಚೇರಿ ಆಜ್ಞೆ ಆಗಿತ್ತಲ್ಲ!"

ಆ ಕಾಗದವೂ ಜೋಪಾನವಾಗಿತ್ತು, ಪ್ಲಾಸ್ಟಿಕ್ ಕವರಿನಲ್ಲಿ. ತೊಂಬತ್ತೆರಡರ ನವೆಂಬರಿನದು. 'ವಿಚಾರಣೆ ಮುಗಿಯುವವರೆಗೆ ಹೊಸಬರನ್ನು ಸೇರಿಸಿಕೊಳ್ಳತಕ್ಕದ್ದಲ್ಲ' ಎಂದಿತ್ತು. ಫಾದರ್ ಸಿಪ್ರಿಯನ್ ಅದನ್ನು ಎರಡು ಸಲ ಓದಿದರು. ತಮ್ಮ ಫೈಲು ತೆರೆದು ಇನ್ನೊಂದು ಹಾಳೆ ತೆಗೆದರು. ಅವರ ದನಿ ಇಳಿದುಹೋಗಿತ್ತು.

"ಅಮ್ಮ, ವಿಚಾರಣೆ ತೊಂಬತ್ಮೂರರ ಮಾರ್ಚಲ್ಲೇ ಮುಗಿದಿದೆ. ಇಬ್ಬರು ಫಾದರ್ ಬಂದು ಹೋಗಿದ್ರಲ್ಲ, ಅದೇ ವಿಚಾರಣೆ. ವರದಿ ಇಲ್ಲೇ ಇದೆ ನೋಡಿ. 'ಆಕ್ಷೇಪಣೆ ಏನೂ ಇಲ್ಲ, ಸಂಘ ಬೆಳೆಯಲಿ, ಐದು ವರ್ಷದ ನಂತರ ನೋಡೋಣ.' ಆಜ್ಞೆ ಇದ್ದದ್ದು ನಾಲ್ಕೇ ತಿಂಗಳು."

ಒಳಗೆ ಮಗ್ದಲಮ್ಮ ಏನೂ ಕೇಳಿಸದೆ ಹಿಟ್ಟು ಕಲಸುತ್ತಿದ್ದಳು.

"ನಮಗ್ಯಾರೂ ಹೇಳ್ಲಿಲ್ಲ" ಎಂದಳು ಅಣ್ಣಮ್ಮ.

"ನೀವು ಕೇಳಬೋದಿತ್ತಲ್ಲ? ಒಂದು ಫೋನು, ಒಂದು ಕಾಗದ..."

"ಮೇಲಿನವ್ರನ್ನ ಕೇಳೋದಾ ಫಾದರ್? ಅದು ಅವಿಧೇಯತೆ ಅಲ್ವಾ?"

ಫ್ರೆಂಚ್ ಪಾದ್ರಿ ಅವರಿಗೆ ಕಲಿಸಿದ್ದೇ ಅದು. ಅಪ್ಪಣೆಯಾದರೆ ಮಾಡು, ಏಕೆ ಎಂದು ಕೇಳಬೇಡ, ಎಲ್ಲಿಯವರೆಗೆ ಎಂದೂ ಕೇಳಬೇಡ. ಬೇರೆ ಯಾರಾದರೂ ಆಗಿದ್ದರೆ ತಿಂಗಳೊಪ್ಪತ್ತಿನಲ್ಲಿ ಕಚೇರಿಯ ಬಾಗಿಲು ಬಡಿದು ಗಲಾಟೆ ಮಾಡಿರುತ್ತಿದ್ದರು. ಇವರು ಒಳ್ಳೆಯವರಾಗಲು ಹೋಗಿ ಕೆಟ್ಟರು. ಅಂಥ ವಿಧೇಯತೆಯನ್ನು ಮೆಚ್ಚಬೇಕೋ ಕೆನ್ನೆಗೆ ಬಾರಿಸಬೇಕೋ ತಿಳಿಯದೆ ಆ ಯುವಕ ಪಾದ್ರಿ ಎದ್ದು ನಿಂತರು. ಹೊರಡುವಾಗ ಹೇಳಿದರು.

"ಈಸ್ಟರ್ ಒಳಗೆ ಇಬ್ಬರು ಹುಡುಗಿಯರನ್ನಾದ್ರೂ ತೋರ್ಸಿ. ಸೇರ್ತೀವಿ ಅಂತ ಬರ್ದು ಕೊಡ್ಲಿ ಸಾಕು. ಫೈಲು ನಾನು ಮುಂದಕ್ಕೆ ಕಳಿಸ್ತೀನಿ. ಇಬ್ಬರೇ ಇಬ್ಬರು."

ಅವರು ಹೋದ ಮೇಲೆ ಲೂರ್ದಮ್ಮ ನೋಟ್‌ಬುಕ್ ತರಿಸಿ ಹೆಸರುಗಳನ್ನು ಎಣಿಸಿದಳು. "ಹತ್ತೊಂಬತ್ತರಲ್ಲಿ ಇಬ್ಬರು ಸಿಗಲ್ವೇನೆ ಅಣ್ಣಮ್ಮ?" ಎಂದಳು.

"ಸಿಗ್ತಾರೆ ಅಮ್ಮ."

ಸಿಗುತ್ತಾರೆಂದೇ ಅಣ್ಣಮ್ಮ ನಂಬಿದ್ದಳು. ಬಾಗಿಲಿಗೆ ಬಂದ ಒಬ್ಬೊಬ್ಬಳಿಗೂ ಅವಳು ಒಂದೇ ಮಾತು ಹೇಳಿ ಕಳಿಸಿದ್ದಳಲ್ಲ, 'ಈಗ ಬೇಡಮ್ಮ, ಅಪ್ಪಣೆ ಬಂದ ಮೇಲೆ ಕಾಗದ ಹಾಕುತ್ತೇವೆ.' ಮರುದಿನದಿಂದಲೇ ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಹನುಮಂತನಗರದ ವಿಳಾಸದಲ್ಲಿ ಮನೆಯೇ ಇರಲಿಲ್ಲ, ನಾಲ್ಕಂತಸ್ತಿನ ಕಟ್ಟಡವಿತ್ತು. ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ಸಿಕ್ಕ ಹುಡುಗಿಗೆ ಎರಡು ಮಕ್ಕಳು. ಅತ್ತೆಯ ಕಿವಿಗೆ ಬೀಳದಂತೆ ಗೇಟಿನ ಹೊರಗೇ ನಿಂತು ಮಾತಾಡಿ, ಕಣ್ಣೊರೆಸಿಕೊಂಡು ಒಳಗೆ ಹೋದಳು. ಬನಶಂಕರಿಯಲ್ಲೊಬ್ಬಳು ಅಣ್ಣಮ್ಮನ ಗುರುತೇ ಇಲ್ಲವೆಂದಳು. ಜೆ.ಪಿ. ನಗರದ ಒಂದು ಶಾಲೆಯಲ್ಲಿ ಮತ್ತೊಬ್ಬಳು ಸಿಕ್ಕಳು, ಸನ್ಯಾಸಿನಿಯರ ಬೇರೊಂದು ಸಭೆಗೆ ಸೇರಿ ಹೆಡ್‌ಮಿಸ್ಟ್ರೆಸ್ ಆಗಿದ್ದಳು. ಬಿಸ್ಕತ್ತು ತರಿಸಿಕೊಟ್ಟು, "ನಿಮ್ಮನ್ನ ಈಗ ಸಿಸ್ಟರ್ ಅಂತ ಕರೀಬೋದಾ?" ಎಂದು ಬಹಳ ಪ್ರೀತಿಯಿಂದ ಕೇಳಿದಳು. ಆ ಪ್ರೀತಿ ಅಣ್ಣಮ್ಮನಿಗೆ ಮುಳ್ಳು ಚುಚ್ಚಿದ ಹಾಗಾಯಿತು. "ಇನ್ನೂ ಇಲ್ಲ" ಎಂದು ಹೇಳಿ, ಬಿಸ್ಕತ್ತು ಮುಟ್ಟದೆ ಎದ್ದು ಬಂದಳು.

ನಾಲ್ಕು ವಾರ ಹೀಗೇ ಹೋಯಿತು. ಊರಿಗೆ ಹೋದವರು, ದುಬೈಗೆ ಹೋದವರು, ಮನೆ ಖಾಲಿ ಮಾಡಿ ಎಲ್ಲಿಗೋ ಹೋದವರು. ಎಲ್ಲ ಸುತ್ತಾಡಿದ ಮೇಲೆ ಅಣ್ಣಮ್ಮ ಕೊನೆಗೆಂದು ಉಳಿಸಿಕೊಂಡಿದ್ದ ಹೆಸರಿಗೆ ಕೈಹಾಕಿದಳು. ಆಗ್ನೇಸ್ ಮೇರಿ. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುತ್ತಿದ್ದ ಹುಡುಗಿ, ಮೂರು ಸಲ ಬಂದಿದ್ದಳು. ತೊಂಬತ್ತೈದರಲ್ಲಿ ಮೂರನೇ ಸಲ ಬಂದಾಗ ಕೈಯಲ್ಲಿ ಟ್ರಂಕೂ ಇತ್ತು. ಅಣ್ಣಮ್ಮ ಟ್ರಂಕಿನ ಸಮೇತ ಅವಳನ್ನು ಬಸ್‌ಸ್ಟಾಪಿನವರೆಗೆ ಬಿಟ್ಟು ಬಂದಿದ್ದಳು. ಬೇರೆ ಯಾರು ಕೈಬಿಟ್ಟರೂ ಇವಳು ಬಿಡುವವಳಲ್ಲ ಎಂಬ ಧೈರ್ಯ ಅವಳಿಗೆ.

ಬಿ.ಟಿ.ಎಂ. ಲೇಔಟಿನ ಆ ವಿಳಾಸದ ಕೋಣೆಯಲ್ಲಿ ಈಗ ಗದಗಿನ ಕಡೆಯ ರೇಣುಕವ್ವ ಎಂಬಾಕೆ ಬಾಡಿಗೆಗಿದ್ದಳು. ಆಗ್ನೇಸ್ ಹೆಸರು ಕೇಳುತ್ತಲೇ ತಲೆಯಾಡಿಸಿದಳು.

"ಆಕಿ ಇಲ್ಲಿಲ್ರಿ ಅಮ್ಮಾರ. ನಾವು ಬರೂಕಿಂತ ಮೊದಲ ಇದ್ದಾಕಿ. ನಿಂದರ್ರಿ, ಓನರ್ ಒಂದು ಚೀಟಿ ಕೊಟ್ಟಾರ. ಆಕಿನ್ನ ಕೇಳಿಕೊಂಡು ಯಾರರ ಬಂದ್ರ, ಕಾಗದ ಬಂದ್ರ, ಇದನ್ನ ಕೊಡ್ರಿ ಅಂತ."

ಚೀಟಿಯಲ್ಲಿ ಮುಂದಿನ ಮನೆಯ ವಿಳಾಸ. ಎರಡು ಕ್ರಾಸ್ ಆಚೆಗಿದ್ದ ಆ ಮನೆಯ ಯಜಮಾನಿಯ ಬಳಿಯೂ ಒಂದು ಚೀಟಿ. ಅಲ್ಲಿಂದ ಮೂರನೇ ಮನೆಗೆ. ಹೋದ ಹೋದಲ್ಲೆಲ್ಲ ಹುಡುಗಿ ತನ್ನ ಹೊಸ ವಿಳಾಸ ಬರೆದಿಟ್ಟು ಹೋಗಿದ್ದಳು. ದೇವರೇ ಬೆರಳು ಹಿಡಿದು ಕರೆದೊಯ್ಯುತ್ತಿದ್ದಾನೆಂದು ಅಣ್ಣಮ್ಮನಿಗೆ ಅನ್ನಿಸಿತು. ಬಿಸಿಲಿನಲ್ಲಿ ನಡೆಯುತ್ತ, ಹೊಸಬಳಿಗೆ ನಿಲುವಂಗಿ ಚಿಕ್ಕದಾದರೆ ಅಂಚು ಬಿಚ್ಚಬಹುದು ಎಂದು ಲೆಕ್ಕ ಹಾಕಿದಳು.

ಕೊನೆಯ ಮನೆಯ ಬಾಗಿಲು ತೆಗೆದವಳು ಆಗ್ನೇಸಳೇ. ಕೊರಳಲ್ಲಿ ತಾಳಿ ಇತ್ತು. ಒಳಗೆ ಹತ್ತು ವರ್ಷದ ಹೆಣ್ಣುಮಗುವೊಂದು ಹೋಮ್‌ವರ್ಕ್ ಮಾಡುತ್ತ ಕೂತಿತ್ತು.

ಆಗ್ನೇಸ್ ಗುರುತು ಹಿಡಿದಳು. ಚಾಪೆ ಹಾಸಿದಳು, ನೀರು ಕೊಟ್ಟಳು. ಅಣ್ಣಮ್ಮ ನೀರು ಕುಡಿದು, ಬಂದ ಕಾರಣವನ್ನೇ ಹೇಳಿಬಿಟ್ಟಳು. ಆಗ್ನೇಸ್ ಮಗುವನ್ನು ಹೊರಗೆ ಆಡಲು ಕಳಿಸಿದಳು.

"ಎರಡು ವರ್ಷ ಆಯ್ತಮ್ಮ ಮದುವೆ ಆಗಿ. ಅವ್ರಿಗೆ ಇದು ಎರಡನೇದು. ಮಗು ಅವ್ರದೇ. ಒಳ್ಳೇ ಮನುಷ್ಯ."

"ಅದಕ್ಕೆ ಮುಂಚೆ?"

"ಅದಕ್ಕೆ ಮುಂಚೆ ಕಾದೆ. ಕಾಗದ ಹಾಕ್ತೀವಿ ಅಂದಿದ್ರಲ್ಲ ನೀವು." ಆಗ್ನೇಸ್ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಏಳು ವರ್ಷ ಕಾದೆ. ಬಂದ ಗಂಡುಗಳನ್ನೆಲ್ಲ ಬೇಡ ಅಂದೆ. ನಮ್ಮಣ್ಣ ಮಾತು ಬಿಟ್ಟ. ಮನೆ ಬದಲಾಯ್ಸಿದಾಗೆಲ್ಲ ಹಳೇ ಓನರ್ ಹತ್ರ ಅಡ್ರೆಸ್ ಕೊಟ್ಟು ಬರ್ತಿದ್ದೆ, ನಿಮ್ ಕಾಗದ ಎಲ್ಲಿ ವಾಪಸ್ ಹೋಗತ್ತೋ ಅಂತ. ಪೋಸ್ಟ್‌ಮ್ಯಾನ್ ಬರೋ ಹೊತ್ತಿಗೆ ಭಾನುವಾರಾನೂ ಹೊಸಿಲಲ್ಲಿ ನಿಂತಿರ್ತಿದ್ದೆ, ಭಾನುವಾರ ಅಂಚೆ ಇಲ್ಲ ಅಂತ ಗೊತ್ತಿದ್ರೂ."

ಅಣ್ಣಮ್ಮ ನೋಟ್‌ಬುಕ್ಕನ್ನು ಚೀಲದೊಳಕ್ಕೆ ತಳ್ಳಿದಳು.

"ಬಾ ಅಂತಾನೇ ಬರೀಬೇಕಾಗಿರ್ಲಿಲ್ಲ ಅಮ್ಮ. ಬೇಡ ಅಂತ ಒಂದು ಕಾರ್ಡ್ ಹಾಕಿದ್ರೂ ಸಾಕಾಗಿತ್ತು."

ಈ ಮಾತನ್ನು ಅಣ್ಣಮ್ಮ ಎಲ್ಲೋ ಕೇಳಿದ್ದಳು. ಎಲ್ಲೋ ಏನು, ತನ್ನ ಒಳಗೇ ಕೇಳಿದ್ದಳು. ಕಚೇರಿಯ ಬಗ್ಗೆ ಹನ್ನೆರಡು ವರ್ಷದಿಂದ ಬಾಯಿ ಬಿಟ್ಟು ಆಡದೆ, ಪಾಪನಿವೇದನೆಯಲ್ಲಿ ಮಾತ್ರ ಪಾದ್ರಿಗೆ ಹೇಳಿಕೊಂಡು ಕ್ಷಮೆ ಬೇಡಿದ್ದ ಮಾತು ಅದೇ. ಮೇಲಿನವರು ತನಗೆ ಮಾಡಿದ್ದನ್ನು ತಾನು ಹತ್ತೊಂಬತ್ತು ಜನಕ್ಕೆ ಮಾಡಿದ್ದೆ ಎಂದು ಅವಳಿಗೆ ಆ ಚಾಪೆಯ ಮೇಲೆ ಗೊತ್ತಾಯಿತು. ತನ್ನನ್ನು ಕಾಯಿಸಿದವರಿಗಾದರೂ ನೂರೆಂಟು ಕೆಲಸ, ನೂರೆಂಟು ಫೈಲು. ಅವಳಿಗಿದ್ದುದು ಒಂದು ನೋಟ್‌ಬುಕ್. ಎದ್ದು ಹೊರಟಾಗ ಆಗ್ನೇಸ್ ಬಸ್‌ಸ್ಟಾಪಿನವರೆಗೂ ಜೊತೆಗೆ ಬಂದು, ಬಸ್ಸು ಹತ್ತಿಸಿ ಹೋದಳು.

ಅಣ್ಣಮ್ಮ ಮತ್ತೆ ಯಾರನ್ನೂ ಹುಡುಕಿಕೊಂಡು ಹೋಗಲಿಲ್ಲ. ಗರಿಗಳ ಭಾನುವಾರ ಬಂತು, ಈಸ್ಟರೂ ಬಂದು ಹೋಯಿತು. ಅದರ ಮುಂದಿನ ಸೋಮವಾರ ಅವಳು ಜೀವಮಾನದಲ್ಲೇ ಮೊದಲ ಸಲ ಅವಿಧೇಯಳಾದಳು. ಗುರುಶಾಂತಪ್ಪನವರ ಮನೆಗೆ ಹೋಗಿ, ಫೋನು ಎತ್ತಿ, ಕಚೇರಿಗೆ ಮಾಡಿ ಕೇಳಿದಳು. ಆ ತುದಿಯಲ್ಲಿ ಯಾರೋ ಮರ್ಯಾದೆಯಿಂದಲೇ ಉತ್ತರಿಸಿದರು.

"ಫಾದರ್ ಸಿಪ್ರಿಯನ್ ಓದಕ್ಕೆ ಅಂತ ರೋಮ್‌ಗೆ ಹೋದ್ರಲ್ಲಮ್ಮ, ಹದಿನೈದು ದಿನ ಆಯ್ತು. ನಿಮ್ ಫೈಲಾ? ಅವ್ರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಬಂದ್ಮೇಲೆ ನೋಡ್ತಾರೆ. ಸ್ವಲ್ಪ ಕಾಯಿರಿ."

ಗುರುಶಾಂತಪ್ಪ ಪೇಪರ್ ಮಡಿಸಿಟ್ಟು ಕೇಳಿದರು. "ಏನಂದ್ರು ಅಮ್ಮಾವ್ರೆ?"

"ಕಾಯ್ಬೇಕಂತೆ ಸಾರ್."

ಈ ಸಲ ಗುರುಶಾಂತಪ್ಪ ನಗಲಿಲ್ಲ. "ಕೂತ್ಕೊಳಿ, ಒಂದು ಲೋಟ ಮಜ್ಜಿಗೆ ಕುಡೀರಿ" ಎಂದು ಒಳಗೆ ಹೆಂಡತಿಯನ್ನು ಕೂಗಿದರು.

ಅಲ್ಲಿಂದ ಅಣ್ಣಮ್ಮ ನೇರವಾಗಿ ಅಂಚೆ ಕಚೇರಿಗೆ ಹೋಗಿ ಇಪ್ಪತ್ತು ಕಾರ್ಡು ತಂದಳು. ರೊಟ್ಟಿ ಕತ್ತರಿಸುವ ಮೇಜನ್ನು ಒರೆಸಿ, ನೋಟ್‌ಬುಕ್ ತೆರೆದಿಟ್ಟುಕೊಂಡು ಬರೆಯಲು ಕೂತಳು. ಎಲ್ಲ ಕಾರ್ಡಿಗೂ ಒಂದೇ ಒಕ್ಕಣೆ. 'ನಿಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ ಕಳಿಸಿದವಳು ನಾನು. ಅಪ್ಪಣೆ ಬರಲಿಲ್ಲ, ಬರುವುದೂ ಇಲ್ಲ. ನಿಮ್ಮಲ್ಲಿ ಯಾವ ಕೊರತೆಯೂ ಇರಲಿಲ್ಲ. ಇನ್ನು ಕಾಯಬೇಡಿ. ಕ್ಷಮಿಸಿ.' ವಿಳಾಸ ಬದಲಾಗಿದ್ದವರಿಗೂ ಹಳೆಯ ವಿಳಾಸಕ್ಕೇ ಬರೆದಳು. ಆಗ್ನೇಸಳ ಹಾಗೆ ಚೀಟಿ ಬಿಟ್ಟು ಹೋದವರು ಇನ್ನೂ ಯಾರಿದ್ದಾರೋ. ಆಗ್ನೇಸಳಿಗೂ ಬರೆದಳು. ಏಳು ವರ್ಷ ಕಾದವಳಿಗೆ ಕೊಟ್ಟ ಮಾತಿನ ಕಾಗದ ಒಂದಾದರೂ ಸೇರಲಿ ಎಂದು.

ಲೂರ್ದಮ್ಮ ಮಂಚದಿಂದಲೇ ನೋಡುತ್ತಿದ್ದಳು. "ಏನ್ ಬರೀತಿದೀಯ?"

ಅಣ್ಣಮ್ಮ ಒಂದು ಕಾರ್ಡನ್ನು ಓದಿ ಹೇಳಿದಳು. ಕಚೇರಿಯವರು ಫೋನಿನಲ್ಲಿ ಅಂದದ್ದನ್ನೂ ಹೇಳಿದಳು. ಬಚ್ಚಿಡಲು ಅವಳಿಗೆ ಬರುತ್ತಿರಲಿಲ್ಲ. ಮುದುಕಿ ಅಳಲಿಲ್ಲ. ಮೇಜಿನ ಕಡೆ ನೋಡಿ ಕೇಳಿದಳು.

"ಕಾರ್ಡ್ ಉಳಿದಿದ್ಯಾ?"

"ಒಂದಿದೆ ಅಮ್ಮ."

"ನನಗೂ ಒಂದು ಬರಿ."

ಅಣ್ಣಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪೆನ್ನು ಕೆಳಗಿಟ್ಟಳು. "ಬರಿಯೇ" ಎಂದಳು ಲೂರ್ದಮ್ಮ. "ಅವ್ರಂತೂ ಬರಿಯಲ್ಲ. ಯಾರಾದ್ರೂ ಬರೀಬೇಕಲ್ಲ." ಕೊನೆಯ ಕಾರ್ಡಿನ ಮೇಲೆ ಅಣ್ಣಮ್ಮ ತಮ್ಮದೇ ಮನೆಯ ವಿಳಾಸ ಬರೆದು, ಇಪ್ಪತ್ತನ್ನೂ ಕ್ರಾಸಿನ ಕೆಂಪು ಡಬ್ಬಿಗೆ ಹಾಕಿ ಬಂದಳು.

ಮೂರನೆಯ ದಿನ ಹನ್ನೊಂದಕ್ಕೆ ಸೈಕಲ್ ಬೆಲ್ ಕೇಳಿತು. "ಅಮ್ಮಾವ್ರೆ, ಲೆಟರ್ ಬಂತು!" ಎಂದು ಬೈಲಪ್ಪ ಗೇಟಿನಿಂದಲೇ ಕೂಗಿದ. ಈ ಮನೆಗೆ ಕೊನೆಗೂ ಒಂದು ಕಾಗದ ತಂದೆನಲ್ಲ ಎಂದು ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು. ಕಾರ್ಡಿನ ಹಿಂದೆ ಏನಿದೆ ಎಂದು ಅವನು ಓದಿರಲಿಲ್ಲ.

ಅಣ್ಣಮ್ಮ ಮಂಚದ ಪಕ್ಕ ಕೂತು ಓದಿದಳು. 'ಲೂರ್ದಮ್ಮನವರಿಗೆ. ಅಪ್ಪಣೆ ಬರಲಿಲ್ಲ, ಬರುವುದೂ ಇಲ್ಲ. ನಿಮ್ಮಲ್ಲಿ ಯಾವ ಕೊರತೆಯೂ ಇರಲಿಲ್ಲ. ಇನ್ನು ಕಾಯಬೇಡಿ.' ಲೂರ್ದಮ್ಮ ಕಾರ್ಡನ್ನು ಕೈಗೆ ತೆಗೆದುಕೊಂಡು, ಅಂಚೆಯ ಮುದ್ರೆಯನ್ನು ಬೆರಳಲ್ಲಿ ಸವರಿದಳು. ಪ್ರಾರ್ಥನೆಯ ಪುಸ್ತಕದಲ್ಲಿಟ್ಟು ಪುಸ್ತಕವನ್ನು ದಿಂಬಿನ ಕೆಳಗೆ ಸೇರಿಸಿದಳು. ಮಧ್ಯಾಹ್ನ ಎಂದಿಗಿಂತ ಒಂದು ಸೌಟು ಹೆಚ್ಚು ಗಂಜಿ ಕುಡಿದಳು.

ಮರುದಿನ ಹನ್ನೊಂದಕ್ಕೆ ಬೈಲಪ್ಪನ ಬೆಲ್ ಬೀದಿಯ ತುದಿಯಲ್ಲಿ ಕೇಳಿದಾಗ ಲೂರ್ದಮ್ಮ ದಿಂಬಿನಿಂದ ತಲೆ ಎತ್ತಲಿಲ್ಲ, ಏನೂ ಕೇಳಲಿಲ್ಲ. ಅಣ್ಣಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಗೇಟಿಗೆ ಹೋಗಿ ನಿಂತಳು. ಅವಳಿಗೆ ಯಾರೂ ಕಾರ್ಡು ಬರೆದಿರಲಿಲ್ಲ.